ದಿನಕ್ಕೆ ಏಳು ಸಲ ಆರಿ ಹತ್ತುವ ರೂಟರ್: ಮೊದಲು ನೋಡಬೇಕಾದ್ದು ಡಬ್ಬಿಯನ್ನಲ್ಲ, ಅದರ ಬಾಲವನ್ನು

ಪ್ರಶ್ನೆ: ಅಣ್ಣಾರ, ನಮಸ್ಕಾರ. ನಮ್ಮದು ಬನಹಟ್ಟಿ. ಮನೆಗೆ ಹೊಂದಿಕೊಂಡೇ ಅಪ್ಪನ ಆರು ಪವರ್‌ಲೂಮ್ ಮಗ್ಗಗಳ ಶೆಡ್ ಇದೆ. ನಾನು ಮನೆಯಿಂದಲೇ ಬೆಂಗಳೂರಿನ ಒಂದು ಕಂಪನಿಗೆ ಕೆಲಸ ಮಾಡುತ್ತೇನೆ. ಫೈಬರ್ ಲೈನ್ ಇದೆ. ಲೈನಿನವರು ಕೊಟ್ಟ ಸಣ್ಣ ಡಬ್ಬಿ ಒಂದು, ನಾವು ಮೂರು ವರ್ಷದ ಹಿಂದೆ ಕೊಂಡ ವೈಫೈ ರೂಟರ್ ಒಂದು. ಸಂಕ್ರಾಂತಿ ಆದ ಮೇಲೆ ರೂಟರ್ ತಾನೇ ಆಫ್ ಆಗಿ ಆನ್ ಆಗುತ್ತಿದೆ. ದಿನಕ್ಕೆ ಆರೇಳು ಸಲ. ಬೆಳಿಗ್ಗೆ ಮತ್ತು ಮಧ್ಯಾಹ್ನದ ಊಟ ಆದ ಮೇಲೆ ಜಾಸ್ತಿ, ಒಮ್ಮೊಮ್ಮೆ ರಾತ್ರಿಯೂ ಆಗುತ್ತದೆ. ಎರಡು ಸಲ ರೀಸೆಟ್ ಮಾಡಿದೆ, ಸಾಫ್ಟ್‌ವೇರ್ ಅಪ್‌ಡೇಟ್ ಕೂಡ ಮಾಡಿದೆ. ಲೈನ್ ನೋಡುವ ಹುಡುಗ ‘ನಮ್ಮ ಕಡೆ ಎಲ್ಲಾ ಕರೆಕ್ಟ್ ಐತ್ರಿ’ ಅನ್ನುತ್ತಾನೆ. ಅಪ್ಪ ‘ಹೊಸಾದು ತಗೊಂಡ ಬಿಡವಾ’ ಅನ್ನುತ್ತಾರೆ. ಕೊಳ್ಳಲೇ? ಅಂದಹಾಗೆ, ದೀಪಾವಳಿ ಹೊತ್ತಿಗೆ ರೂಟರಿನ ಅಡಾಪ್ಟರ್ ಸುಟ್ಟಿತ್ತು. ಮನೆಯಲ್ಲಿದ್ದ ಹಳೇ ಸೆಟ್‌ಟಾಪ್ ಬಾಕ್ಸ್‌ನದು ಹಾಕಿದ್ದೇವೆ. ಪಿನ್ ಸರಿಯಾಗೇ ಕೂತಿದೆ.

ಉತ್ತರ: ತಂಗಿ, ಕೊಳ್ಳಬೇಡಿ. ಸದ್ಯಕ್ಕಂತೂ ಬೇಡ.

ಮುಖ್ಯವಾದ ಮಾತನ್ನು ನೀವು ಕೊನೆಗೆ ‘ಅಂದಹಾಗೆ’ ಅಂತ ಸೇರಿಸಿದ್ದೀರಿ. ಬಾಗಲಕೋಟೆ ನವನಗರದಲ್ಲಿರುವ ನನ್ನ ಅಂಗಡಿಗೆ ಬರುವವರೂ ಹೀಗೇ. ಅರ್ಧ ತಾಸು ರೂಟರ್ ಕಂಪನಿಗೆ ಬಯ್ದು, ಹೊರಡಲು ಚಪ್ಪಲಿ ಮೆಟ್ಟುವಾಗ ‘ಹಾಂ, ಅಡಾಪ್ಟರ್ ಮಾತ್ರ ಬ್ಯಾರೇದು ನೋಡ್ರಿ’ ಅನ್ನುತ್ತಾರೆ. ಒಬ್ಬ ಮೇಷ್ಟ್ರು ಒಂದೇ ವರ್ಷದಲ್ಲಿ ಎರಡು ಹೊಸ ರೂಟರ್ ಕೊಂಡಿದ್ದರು. ಎರಡೂ ರೀಸ್ಟಾರ್ಟ್ ಆಗುತ್ತಿದ್ದವು. ಹೋಗಿ ನೋಡಿದರೆ, ಹೊಸ ಅಡಾಪ್ಟರ್‌ಗಳು ಕವರ್ ಸಮೇತ ಡ್ರಾಯರ್‌ನಲ್ಲಿ ಭದ್ರವಾಗಿದ್ದವು. ‘ಹಳೇದು ಹೆಂಗೂ ಗೋಡೆಗೆ ಇತ್ತಲ್ರಿ, ಅದ್ಕ ಹಚ್ಚಿದೆ’ ಅಂದರು. ಹೊಸ ಡಬ್ಬಿಗಳಿಗೆ ಹಳೇ ರೋಗ ಅಂಟಿಸಿದ್ದು ಆ ಅಡಾಪ್ಟರ್.

ಹಾಗಂತ ನಿಮ್ಮದೂ ಬರೀ ಅಡಾಪ್ಟರ್ ಕಥೆ ಅಂತ ಇಲ್ಲಿ ಕೂತೇ ಹೇಳಿಬಿಡುವುದು ಸರಿಯಲ್ಲ. ನಿಮ್ಮ ಮನೆಯಲ್ಲಿ ಮಗ್ಗ ಇದೆ, ಅದರ ಜೊತೆ ಮಗ್ಗದ ಕರೆಂಟು, ಅದುರಾಟ, ಹತ್ತಿಯ ಧೂಳು ಮೂರೂ ಇವೆ. ರೂಟರ್‌ಗೆ ಇದಕ್ಕಿಂತ ಕಷ್ಟದ ಮನೆ ಸಿಗುವುದು ಅಪರೂಪ.

ಮೊದಲು ಒಂದನ್ನು ಖಚಿತ ಮಾಡಿಕೊಳ್ಳೋಣ. ರೂಟರ್ ನಿಜವಾಗಿ ರೀಸ್ಟಾರ್ಟ್ ಆಗುತ್ತಿದೆಯಾ, ಅಥವಾ ಬರೀ ಇಂಟರ್ನೆಟ್ ಹೋಗಿ ಬರುತ್ತಿದೆಯಾ? ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಮೀಟಿಂಗ್ ಕಟ್ ಆಗುತ್ತದೆ. ಮುಂದಿನ ಸಲ ಆದಾಗ ಮೊಬೈಲಿನಲ್ಲಿ ವೈಫೈ ಪಟ್ಟಿ ತೆಗೆದು ನೋಡಿ. ನಿಮ್ಮ ವೈಫೈ ಹೆಸರು ಪಟ್ಟಿಯಿಂದಲೇ ಮಾಯ ಆಗಿ ಒಂದೆರಡು ನಿಮಿಷದ ನಂತರ ಬಂದರೆ ಅದು ರೀಸ್ಟಾರ್ಟ್. ಹೆಸರು ಇದ್ದೂ ‘ಇಂಟರ್ನೆಟ್ ಇಲ್ಲ’ ಅಂತ ತೋರಿಸಿದರೆ ರೂಟರ್ ಬಹುತೇಕ ನಿರಪರಾಧಿ, ತೊಂದರೆ ಹೆಚ್ಚಾಗಿ ಲೈನಿನದು. ಆಗ ಲೈನಿನವರ ಸಣ್ಣ ಡಬ್ಬಿ ನೋಡಿ. ಅದರಲ್ಲಿ ‘ಎಲ್‌ಓಎಸ್’ ಅಂತ ಬರೆದ ಕಡೆ ಕೆಂಪು ದೀಪ ಮಿಣುಕುತ್ತಿದ್ದರೆ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ. ಆ ಹುಡುಗನಿಗೆ ಫೋಟೋ ತೆಗೆದು ಕಳಿಸಿ, ಮಾತಿಗಿಂತ ಫೋಟೋಗೆ ಬೇಗ ಬರುತ್ತಾರೆ.

ಇನ್ನೂ ಗಟ್ಟಿ ಸಾಕ್ಷಿ ರೂಟರ್ ಒಳಗೇ ಇದೆ. ಬ್ರೌಸರ್‌ನಲ್ಲಿ 192.168.0.1 ಅಥವಾ 192.168.1.1 ಹಾಕಿ ಒಳಗೆ ಹೋಗಿ. ಯಾವ ವಿಳಾಸ ಅನ್ನುವುದು ರೂಟರಿನ ಹೊಟ್ಟೆಯ ಕೆಳಗಿನ ಸ್ಟಿಕ್ಕರ್ ಮೇಲೆ ಇರುತ್ತದೆ. ‘ಸ್ಟೇಟಸ್’ ಪುಟದಲ್ಲಿ ‘ಅಪ್‌ಟೈಮ್’ ಅಂತ ಒಂದು ಸಾಲು ಇದ್ದರೆ, ಡಬ್ಬಿ ಕೊನೆಯ ಸಲ ಆನ್ ಆಗಿ ಎಷ್ಟು ಹೊತ್ತಾಯಿತು ಅಂತ ಅದು ಹೇಳುತ್ತದೆ. ಮೀಟಿಂಗ್ ಕಟ್ ಆದ ಹತ್ತು ನಿಮಿಷಕ್ಕೆ ನೋಡಿದಾಗ ಅಲ್ಲಿ 8 ನಿಮಿಷ ಅಂತಿದ್ದರೆ ವಾದವೇ ಬೇಡ.

ಅದೇ ಕಡೆ ‘ಸಿಸ್ಟಮ್ ಲಾಗ್’, ಅಂದರೆ ರೂಟರ್ ಬರೆದಿಡುವ ದಿನಚರಿ, ಇದ್ದರೆ ಅದನ್ನೂ ತೆರೆಯಿರಿ. ಒಂದು ತಮಾಷೆ ಕಾಣಬಹುದು. ನಡುನಡುವೆ ತಾರೀಖು 1970ರ ಜನವರಿ 1ಕ್ಕೆ ಹೋಗಿರುತ್ತದೆ. ಗಾಬರಿ ಬೇಡ. ಮನೆ ರೂಟರ್‌ನಲ್ಲಿ ಸಾಮಾನ್ಯವಾಗಿ ಗಡಿಯಾರಕ್ಕೆ ಬ್ಯಾಟರಿ ಇರುವುದಿಲ್ಲ. ಕರೆಂಟ್ ಹೋದರೆ ಟೈಮ್ ಮರೆತುಬಿಡುತ್ತದೆ. ಎದ್ದ ಮೇಲೆ ಇಂಟರ್ನೆಟ್ಟಿನಿಂದ ಸರಿಯಾದ ಟೈಮ್ ಕೇಳಿ ತಿಳಿಯುವವರೆಗೆ, ಕಂಪ್ಯೂಟರ್ ಕಾಲಗಣನೆ ಶುರುವಾಗುವ 1970ರಲ್ಲೇ ಇರುತ್ತದೆ. ಕೆಲವು ಕಂಪನಿಯವು ಬೇರೆ ಯಾವುದೋ ಹಳೇ ತಾರೀಖು ತೋರಿಸುತ್ತವೆ. ಲಾಗಿನಲ್ಲಿ ತಾರೀಖು ಎಷ್ಟು ಸಲ ಹೀಗೆ ಹಿಂದಕ್ಕೆ ಹೋಗಿದೆಯೋ ಅಷ್ಟು ಸಲ ರೂಟರ್ ಸತ್ತು ಹುಟ್ಟಿದೆ ಅಂತ ಲೆಕ್ಕ. ಕರೆಂಟ್ ಹೋದಾಗ ಲಾಗೂ ಅಳಿಸಿಹೋಗುವ ಮಾಡೆಲ್‌ಗಳಿವೆ. ಅಲ್ಲಿ ಅಪ್‌ಟೈಮ್ ಒಂದೇ ಗತಿ.

ನಿಮ್ಮ ಮನೆಯಲ್ಲಿ ಎರಡು ಡಬ್ಬಿ ಇರುವುದು ತಪಾಸಣೆಗೆ ತುಂಬಾ ಅನುಕೂಲ. ಎರಡೂ ಒಂದೇ ಬೋರ್ಡಿಗೆ ಹಚ್ಚಿರುತ್ತೀರಿ, ಅಲ್ವಾ? ರೂಟರ್ ಆರಿದ ಕ್ಷಣ ಪಕ್ಕದ ಸಣ್ಣ ಡಬ್ಬಿಯೂ ಆರಿತಾ ನೋಡಿ. ಎರಡೂ ಒಟ್ಟಿಗೆ ಆರಿದರೆ ತೊಂದರೆ ಬೋರ್ಡಿನದು ಅಥವಾ ಮನೆಯ ಕರೆಂಟಿನದು. ರೂಟರ್ ಒಂದೇ ಆರಿ ಸಣ್ಣ ಡಬ್ಬಿ ಹತ್ತಿಕೊಂಡೇ ಇದ್ದರೆ ಅನುಮಾನ ಅಡಾಪ್ಟರ್ ಮೇಲೆ, ಅದರ ಪಿನ್ ಮೇಲೆ, ಕೊನೆಗೆ ರೂಟರ್ ಮೇಲೆ. ಈ ಒಂದು ನೋಟಕ್ಕೆ ದುಡ್ಡು ಖರ್ಚಿಲ್ಲ. ಆದರೂ ಜನ ಇದನ್ನು ನೋಡದೆ ನೇರ ರೀಸೆಟ್ ಗುಂಡಿ ಒತ್ತುತ್ತಾರೆ.

ಈಗ ಅಡಾಪ್ಟರ್‌ಗೆ ಬರೋಣ. ಅದನ್ನು ಬಿಚ್ಚಿ ಬೆಳಕಿಗೆ ಹಿಡಿಯಿರಿ. ‘ಔಟ್‌ಪುಟ್’ ಅಂತ ಒಂದು ಸಾಲು ಇರುತ್ತದೆ, ಅಕ್ಷರ ತೀರಾ ಸಣ್ಣ, ಮೊಬೈಲಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ ಓದಿ. ಅಲ್ಲಿ ಎರಡು ಅಂಕಿ. ಒಂದು ವೋಲ್ಟ್, ಇನ್ನೊಂದು ಆಂಪಿಯರ್. ರೂಟರಿನ ಹೊಟ್ಟೆಯ ಸ್ಟಿಕ್ಕರ್ ಮೇಲೂ ಇದೇ ಎರಡು ಅಂಕಿ ಇರುತ್ತವೆ. ವೋಲ್ಟ್ ಎರಡೂ ಕಡೆ ಒಂದೇ ಇರಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಅಡಾಪ್ಟರಿನ ಆಂಪಿಯರ್ ರೂಟರ್ ಕೇಳಿದಷ್ಟು ಇರಬೇಕು ಅಥವಾ ಅದಕ್ಕಿಂತ ಜಾಸ್ತಿ ಇರಬೇಕು.

‘ಜಾಸ್ತಿ ಆಂಪಿಯರ್ ಹಾಕಿದರೆ ರೂಟರ್ ಸುಡುತ್ತೆ’ ಅನ್ನುವ ಹೆದರಿಕೆ ನಮ್ಮ ಕಡೆ ಎಲ್ಲೆಡೆ ಇದೆ. ಸುಡುವುದಿಲ್ಲ. ನಿಮಗೆ ಇದು ಸುಲಭವಾಗಿ ಗೊತ್ತಾಗಬೇಕು. ಲಾಳಿ ಓಡುವಾಗ ಕಂಡಿಕೆಯಿಂದ, ಅಂದರೆ ಒಳಗಿನ ನೂಲು ಸುತ್ತಿದ ಕಡ್ಡಿಯಿಂದ, ತನಗೆ ಬೇಕಾದಷ್ಟೇ ನೂಲು ಎಳೆದುಕೊಳ್ಳುತ್ತದೆ. ಕಂಡಿಕೆಯಲ್ಲಿ ನೂಲು ಜಾಸ್ತಿ ಇದೆ ಅಂತ ಬಟ್ಟೆ ದಪ್ಪ ಆಗುವುದಿಲ್ಲ. ಆದರೆ ಕಂಡಿಕೆ ಖಾಲಿಯಾದರೆ ಮಗ್ಗ ನಿಲ್ಲುತ್ತದೆ. ಆಂಪಿಯರ್ ಅಂದರೆ ಕಂಡಿಕೆಯ ನೂಲು. 1.5 ಆಂಪಿಯರ್ ಕೇಳುವ ರೂಟರ್‌ಗೆ 2 ಆಂಪಿಯರ್ ಅಡಾಪ್ಟರ್ ಹಾಕಿದರೆ ಏನೂ ಆಗುವುದಿಲ್ಲ. 1 ಆಂಪಿಯರಿನದು ಹಾಕಿದರೆ ಅದು ಎದ್ದು ಬಿದ್ದು ಓಡುತ್ತದೆ. ಎದ್ದು ಬಿದ್ದು ಅನ್ನುವುದನ್ನು ಇಲ್ಲಿ ಅಕ್ಷರಶಃ ತಗೊಳ್ಳಿ.

ಸೆಟ್‌ಟಾಪ್ ಬಾಕ್ಸ್ ಅಡಾಪ್ಟರ್‌ಗಳು ಬಹಳಷ್ಟು 12 ವೋಲ್ಟ್, 1 ಆಂಪಿಯರ್ ಇರುತ್ತವೆ. ಲೆಕ್ಕ ಹಾಕಿದರೆ 12 ವಾಟ್. ನಾಲ್ಕು ಆಂಟೆನಾ ಇರುವ ಎರಡು ಬ್ಯಾಂಡಿನ ಎಷ್ಟೋ ರೂಟರ್‌ಗಳು 12 ವೋಲ್ಟ್, 1.5 ಆಂಪಿಯರ್ ಕೇಳುತ್ತವೆ, ಅಂದರೆ 18 ವಾಟ್. ರೂಟರ್ ಸುಮ್ನೆ ಕೂತಿರುವಾಗ ಅಷ್ಟು ಎಳೆಯುವುದಿಲ್ಲ. ಅದಕ್ಕೇ ರಾತ್ರಿ ಹೆಚ್ಚುಕಡಿಮೆ ಶಾಂತವಾಗಿರುತ್ತದೆ. ನೀವು ವಿಡಿಯೋ ಮೀಟಿಂಗ್ ಶುರು ಮಾಡಿ, ಮನೆಯವರು ಯಾರೋ ಫೋನಿನಲ್ಲಿ ಕ್ರಿಕೆಟ್ ಹಾಕಿ, ಟಿವಿಯೂ ವೈಫೈಗೆ ಬಂದರೆ ಎರಡೂ ಬ್ಯಾಂಡಿನ ರೇಡಿಯೋ, ಅಂದರೆ ವೈಫೈ ಅಲೆ ಕಳಿಸುವ ಭಾಗಗಳು, ಜೋರಾಗಿ ಕೆಲಸ ಮಾಡುತ್ತವೆ. ಆಗ ಕರೆಂಟಿನ ಬೇಡಿಕೆ ಚಿಮ್ಮಿ ಚಿಮ್ಮಿ ಏರುತ್ತದೆ. ಅಡಾಪ್ಟರ್‌ಗೆ ದಮ್ಮು ಸಾಲದಿದ್ದರೆ 12 ವೋಲ್ಟ್ ಕುಸಿಯುತ್ತದೆ. ರೂಟರ್ ಒಳಗೆ ಆ 12 ವೋಲ್ಟನ್ನು 3.3 ವೋಲ್ಟ್, 1 ವೋಲ್ಟ್ ಹೀಗೆ ಇಳಿಸಿ ಚಿಪ್‌ಗಳಿಗೆ ಹಂಚುತ್ತಾರೆ. ಮೇಲಿನದು ಅಳತೆ ಮೀರಿ ಕುಸಿದರೆ ಕೆಳಗಿನವೂ ಅಲುಗಾಡಿ ಚಿಪ್ ಮತ್ತೆ ಮೊದಲಿಂದ ಶುರುವಾಗುತ್ತದೆ.

ದೀಪಾವಳಿಗೆ ಹಾಕಿದ್ದು ಸಂಕ್ರಾಂತಿವರೆಗೆ ಚೆನ್ನಾಗಿ ಹೇಗೆ ನಡೆಯಿತು ಅಂತ ನೀವು ಕೇಳಬಹುದು. ಅಡಾಪ್ಟರ್ ಒಳಗೆ ಕರೆಂಟ್ ಕೂಡಿಟ್ಟುಕೊಳ್ಳುವ, ಸಣ್ಣ ಡ್ರಮ್ಮಿನಂಥ ಕೆಪಾಸಿಟರ್‌ಗಳಿವೆ. ಒಳಗೆ ದ್ರವ ಇರುತ್ತದೆ. ಬಿಸಿಗೆ ಅದು ಒಣಗುತ್ತದೆ. ಬಿಸಿ 10 ಡಿಗ್ರಿ ಏರಿದರೆ ಕೆಪಾಸಿಟರ್ ಆಯಸ್ಸು ಸುಮಾರು ಅರ್ಧ ಆಗುತ್ತದೆ ಅನ್ನುವುದು ಈ ಕಸುಬಿನವರು ಇಟ್ಟುಕೊಂಡಿರುವ ಸ್ಥೂಲ ಲೆಕ್ಕ. ಮೊದಲೇ ಹಳೆಯ ಅಡಾಪ್ಟರ್, ಅದರ ಮೇಲೆ ಶಕ್ತಿ ಮೀರಿದ ಹೊರೆ. ಎರಡು ತಿಂಗಳು ಏದುಸಿರು ಬಿಟ್ಟು ಈಗ ಸೋತಿದೆ. ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸಹಜ. ಎರಡು ಮೂರು ಸೆಕೆಂಡಿಗೆ ಕೈ ತೆಗೆಯುವಷ್ಟು ಸುಡುತ್ತಿದ್ದರೆ, ಸಣ್ಣಗೆ ‘ಕೀ’ ಅನ್ನುತ್ತಿದ್ದರೆ, ಅಥವಾ ಪ್ಲಾಸ್ಟಿಕ್ ಹಳದಿಗಟ್ಟಿ ವಾಸನೆ ಬರುತ್ತಿದ್ದರೆ ಅವತ್ತೇ ತೆಗೆದುಬಿಡಿ.

ಮಲ್ಟಿಮೀಟರ್ ಇರುವ ಎಲೆಕ್ಟ್ರಿಷಿಯನ್ ಬಂದು, ಅಡಾಪ್ಟರ್ ಬಾಯಿಗೆ ಕಡ್ಡಿ ಇಟ್ಟು ‘12.2 ವೋಲ್ಟ್ ಐತಿ, ಅಡಾಪ್ಟರ್ ಬೆಸ್ಟ್’ ಅಂದರೆ ನಂಬಬೇಡಿ. ಖಾಲಿ ಗಾಡಿ ಯಾವ ಎತ್ತಾದರೂ ಎಳೆಯುತ್ತದೆ. ಹೊರೆ ಹೇರಿ ನೋಡಬೇಕು. ನನ್ನ ಮೇಜಿನ ಮೇಲೆ ಇದಕ್ಕಂತಲೇ ಬೈಕಿನ ಇಂಡಿಕೇಟರ್ ಬಲ್ಬ್ ಒಂದಿದೆ, 12 ವೋಲ್ಟ್ 10 ವಾಟಿನದು. ಅದು ಹೆಚ್ಚುಕಡಿಮೆ 0.8 ಆಂಪಿಯರ್ ಎಳೆಯುತ್ತದೆ. ಅಡಾಪ್ಟರ್‌ಗೆ ಅದನ್ನು ಹಚ್ಚಿ ಮೀಟರ್ ನೋಡುತ್ತೇನೆ. ಒಳ್ಳೆಯದಾದರೆ ಬಲ್ಬ್ ಹಳದಿಯಾಗಿ ಗಟ್ಟಿ ಉರಿಯುತ್ತದೆ, ಮೀಟರ್ 11.9ರ ಆಸುಪಾಸು ನಿಲ್ಲುತ್ತದೆ. ಸೋತದ್ದಾದರೆ ಬಲ್ಬ್ ಕೆಂಪಗೆ ಕುಗ್ಗಿ ಮಿಣಮಿಣ ಅನ್ನುತ್ತದೆ, 12.2 ಇದ್ದದ್ದು 8ಕ್ಕೋ 9ಕ್ಕೋ ಜಾರುತ್ತದೆ. ಗಿರಾಕಿ ಎದುರೇ ಇದನ್ನು ಮಾಡುತ್ತೇನೆ. ಆಮೇಲೆ ರೂಟರ್ ಕಂಪನಿಯ ಬಗ್ಗೆ ಮಾತೇ ಬರುವುದಿಲ್ಲ.

ನೀವು ಇಷ್ಟೆಲ್ಲಾ ಮಾಡಬೇಕಿಲ್ಲ. ಬನಹಟ್ಟಿ ಬಜಾರಿನಲ್ಲೋ ಜಮಖಂಡಿಯಲ್ಲೋ ರೂಟರ್ ಸ್ಟಿಕ್ಕರ್ ಫೋಟೋ ತೋರಿಸಿ, ಅದೇ ವೋಲ್ಟಿನ, 2 ಆಂಪಿಯರಿನ, ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಗುರುತು ಇರುವ ಅಡಾಪ್ಟರ್ ಕೇಳಿ. ಮುನ್ನೂರು ರೂಪಾಯಿ ಆಚೀಚೆ ಆಗಬಹುದು. ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ತೂಗಿ ನೋಡಿ. 2 ಆಂಪಿಯರ್ ಅಂತ ಬರೆದು ಮೊಬೈಲ್ ಚಾರ್ಜರಿಗಿಂತ ಹಗುರ ಇದ್ದರೆ ಆ ಬರಹವನ್ನು ನಾನಂತೂ ನಂಬುವುದಿಲ್ಲ.

ಇನ್ನು ಪಿನ್. ‘ಸರಿಯಾಗೇ ಕೂತಿದೆ’ ಅಂದಿದ್ದೀರಿ. ಈ ದುಂಡು ಪಿನ್ನಿನ ಹೊರಗಿನ ಅಳತೆ ಸಾಮಾನ್ಯವಾಗಿ 5.5 ಮಿಲಿಮೀಟರ್. ಒಳಗಿನ ತೂತು ಮಾತ್ರ ಎರಡು ಥರ, 2.1 ಮತ್ತು 2.5 ಮಿಲಿಮೀಟರ್. ರೂಟರ್ 2.1ರದ್ದಾಗಿ ನಿಮ್ಮ ಅಡಾಪ್ಟರ್ 2.5ರದ್ದಾದರೆ ಹೊರಗಿನಿಂದ ಚೆನ್ನಾಗಿ ಕೂತಂತೆ ಕಾಣುತ್ತದೆ, ಒಳಗೆ ಕಡ್ಡಿ ತೂತಿನಲ್ಲಿ ಲೊಡಲೊಡ ಅನ್ನುತ್ತಿರುತ್ತದೆ. ಬೇರೆ ಮನೆಯಲ್ಲಿ ಇದು ತಿಂಗಳಿಗೊಮ್ಮೆ ಕಾಡಿದರೆ ನಿಮ್ಮ ಮನೆಯಲ್ಲಿ ದಿನವೂ ಕಾಡುತ್ತದೆ. ಯಾಕೆ ಅಂದರೆ ಶೆಡ್ಡಿನ ಗೋಡೆಗೂ ಮನೆಯ ಗೋಡೆಗೂ ನಡುವೆ ಅಂತರವೇ ಇಲ್ಲ. ಬನಹಟ್ಟಿಗೆ ಬಂದಾಗೆಲ್ಲ ನೋಡಿದ್ದೇನೆ, ಮಗ್ಗ ಓಡುವಾಗ ಪಕ್ಕದ ಕೋಣೆಯ ಸ್ಟೀಲ್ ಲೋಟ ಕೂಡ ಗುನುಗುತ್ತದೆ. ರೂಟರ್ ಆ ಗೋಡೆಯ ಹಲಗೆಯ ಮೇಲಿದ್ದರೆ ಎದುರಿನ ಗೋಡೆಗೆ ಒಯ್ಯಬೇಕು, ಯಾವಾಗ ಅಂತ ಕೊನೆಗೆ ಹೇಳುತ್ತೇನೆ. ಪಿನ್ನಿನ ಪರೀಕ್ಷೆ ಸುಲಭ. ರೂಟರ್ ಆನ್ ಇರುವಾಗ ಪಿನ್ನನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಆಚೀಚೆ ಅಲುಗಿಸಿ. ದೀಪ ಆರಿದರೆ ಕಳ್ಳ ಸಿಕ್ಕ.

ಬೆಳಿಗ್ಗೆ ಮತ್ತು ಊಟದ ನಂತರ ಜಾಸ್ತಿ ಅಂತ ಬರೆದಿದ್ದೀರಿ. ಮಗ್ಗಗಳನ್ನು ಚಾಲೂ ಮಾಡುವ ಹೊತ್ತೂ ಅದೇ, ಅಲ್ವಾ? ಮೋಟಾರ್ ನಿಂತಲ್ಲಿಂದ ಏಳುವಾಗ ಓಡುವಾಗಿನದಕ್ಕಿಂತ 5ರಿಂದ 7 ಪಟ್ಟು ಕರೆಂಟ್ ಎಳೆಯುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತು ಲೈನಿನ ವೋಲ್ಟೇಜ್ ಬೀಳುತ್ತದೆ, ಮನೆಯ ಬಲ್ಬ್ ಒಮ್ಮೆ ಕುಗ್ಗುವುದು ಅದಕ್ಕೇ. ಆರೂ ಮಗ್ಗ ಒಂದರ ಹಿಂದೆ ಒಂದು ಚಾಲೂ ಆದರೆ ಆರು ಹೊಡೆತ.

ಒಳ್ಳೆಯ ಅಡಾಪ್ಟರ್‌ಗೆ ಇದು ಲೆಕ್ಕಕ್ಕಿಲ್ಲ. ಅದರ ‘ಇನ್‌ಪುಟ್’ ಸಾಲು ಓದಿ, 100ರಿಂದ 240 ವೋಲ್ಟ್ ಅಂತ ಇರುತ್ತದೆ. 230 ಇದ್ದದ್ದು 170ಕ್ಕೆ ಬಿದ್ದರೂ ಔಟ್‌ಪುಟ್ 12ರಲ್ಲೇ ಇರುತ್ತದೆ. ಒಂದು ಕ್ಷಣ ಪೂರ್ತಿ ಹೋದರೂ ಒಳಗಿನ ದೊಡ್ಡ ಕೆಪಾಸಿಟರ್ ಕೂಡಿಟ್ಟ ಕರೆಂಟಿನಲ್ಲಿ ದಾಟಿಸುತ್ತದೆ. ನಮ್ಮ ಕರೆಂಟ್ 50 ಹರ್ಟ್ಜ್, ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಗಟ್ಟಿ ಅಡಾಪ್ಟರ್ ಸುಮಾರು ಅಷ್ಟು ಹೊತ್ತು ತಡೆಯುತ್ತದೆ. ಕೆಪಾಸಿಟರ್ ಒಣಗಿದ್ದು ತಡೆಯುವುದಿಲ್ಲ. ಅದೇ ಮಗ್ಗ, ಅದೇ ಲೈನ್, ರೂಟರಿನ ಸ್ವಂತ ಅಡಾಪ್ಟರ್ ಇದ್ದಷ್ಟು ದಿನ ತೊಂದರೆ ಇರಲಿಲ್ಲ. ಈಗ ಇದೆ. ಹಾಗಾಗಿ ಮಗ್ಗದ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ಅದು ನೂಕುತ್ತಿದೆ ನಿಜ, ಬೀಳುತ್ತಿರುವುದು ಅಡಾಪ್ಟರ್.

ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರ ತೋಟದ ಮನೆಯಲ್ಲೂ ಇದೇ ಆಟ ಇತ್ತು. ತ್ರೀ ಫೇಸ್ ಬಂತು, ಆಟೋ ಸ್ಟಾರ್ಟರ್ ಬೋರ್‌ವೆಲ್ ಮೋಟಾರ್ ಎಬ್ಬಿಸಿತು, ರೂಟರ್ ಬಿತ್ತು. ಅವರು ರೂಟರ್ ರೀಸ್ಟಾರ್ಟ್ ಆದದ್ದನ್ನೇ ಕರೆಂಟ್ ಬಂದ ಗುರುತು ಮಾಡಿಕೊಂಡಿದ್ದರು. ‘ಅದು ಆರಿತಂದ್ರ ನೀರು ಬಿಡಾಕ ಹೋಗ್ತೀನಿ’ ಅಂತಿದ್ದರು. ಅಡಾಪ್ಟರ್ ಬದಲಿಸಿಕೊಟ್ಟ ಮೇಲೆ ಆ ಸೌಲಭ್ಯ ಹೋಯಿತು ಅಂತ ಸ್ವಲ್ಪ ಬೇಜಾರೂ ಮಾಡಿಕೊಂಡರು.

ಒಂದು ವಿಷಯ ಮಾತ್ರ ತಮಾಷೆಯಲ್ಲ. ಮಗ್ಗ ಚಾಲೂ ಆದಾಗ ಮನೆಯ ಒಂದು ಕೋಣೆಯ ದೀಪ ಕುಗ್ಗಿ ಇನ್ನೊಂದು ಕೋಣೆಯದು ಪ್ರಖರ ಆಗುತ್ತಿದ್ದರೆ, ಫ್ಯಾನ್ ಒಮ್ಮೆಲೇ ಜೋರಾಗಿ ತಿರುಗಿದರೆ, ಅದು ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ತಂತಿ, ಸಡಿಲ ಆಗಿರುವ ಲಕ್ಷಣ. ತ್ರೀ ಫೇಸ್ ಇರುವ ಕಡೆ ನ್ಯೂಟ್ರಲ್ ಬಿಟ್ಟರೆ 230ರ ಜಾಗದಲ್ಲಿ 300ರ ಮೇಲೆ ಬರಬಹುದು. ದೀಪಾವಳಿಗೆ ನಿಮ್ಮ ಮೊದಲ ಅಡಾಪ್ಟರ್ ಸುಟ್ಟದ್ದು ಯಾಕೆ ಅಂತ ನನಗೆ ಕೊರೆಯುತ್ತಿರುವುದು ಇದಕ್ಕೇ. ಆ ದಿನಗಳಲ್ಲಿ ಬಲ್ಬ್, ಟಿವಿ, ಮಿಕ್ಸರ್ ಏನಾದರೂ ಜೊತೆಗೇ ಹೋಗಿತ್ತಾ, ಅಪ್ಪನನ್ನು ಕೇಳಿ. ಹೋಗಿದ್ದರೆ ಮೀಟರ್ ಬೋರ್ಡನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ನೋಡಲೇಬೇಕು. ಮೀಟರಿನಿಂದ ಆಚೆಯದಾದರೆ ನಮ್ಮ ಕಡೆಯ ವಿದ್ಯುತ್ ಕಂಪನಿ ಹೆಸ್ಕಾಂನ 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ನೀವಾಗಲಿ ಅಪ್ಪನಾಗಲಿ ಟೆಸ್ಟರ್ ಹಿಡಿದು ಹೋಗಬೇಡಿ.

ಬೋರ್ಡಿನ ಬಗ್ಗೆ ಎರಡೇ ಮಾತು. ಎಕ್ಸ್‌ಟೆನ್ಶನ್‌ಗೆ ಎಕ್ಸ್‌ಟೆನ್ಶನ್ ಹಚ್ಚಿದ್ದರೆ ಬಿಚ್ಚಿ, ರೂಟರನ್ನು ನೇರ ಗೋಡೆಯ ಪ್ಲಗ್ಗಿಗೆ ಹಾಕಿ. ಪ್ಲಗ್ ತೂಗಾಡುತ್ತಿದ್ದರೆ ಸಾಕೆಟ್ ಬದಲಿಸಿ.

ಮನೆಯಲ್ಲಿ ಇನ್ವರ್ಟರ್ ಇದ್ದು, ಕರೆಂಟ್ ಹೋದಾಗ ಮಾತ್ರ ರೂಟರ್ ಆರಿ ಹತ್ತುತ್ತಿದ್ದರೆ ಅದು ಬೇರೆ ಲೆಕ್ಕ. ಇನ್ವರ್ಟರ್ ಹಿಂದೆ ಅಥವಾ ಮುಂದೆ ‘ಯುಪಿಎಸ್’ ಅಂತ ಒಂದು ಸ್ವಿಚ್ ಇರುತ್ತದೆ. ಸಾದಾ ಮೋಡ್‌ನಲ್ಲಿ ಬ್ಯಾಟರಿಗೆ ಬದಲಾಗಲು ಅದು ಜಾಸ್ತಿ ಹೊತ್ತು ತಗೊಳ್ಳುತ್ತದೆ, ಯುಪಿಎಸ್ ಮೋಡ್‌ನಲ್ಲಿ ಬೇಗ ಬದಲಾಗುತ್ತದೆ. ಆದರೆ ಆ ಮೋಡ್‌ನಲ್ಲಿ ವೋಲ್ಟೇಜ್ ಸ್ವಲ್ಪ ಬಿದ್ದರೂ ಇನ್ವರ್ಟರ್ ಬ್ಯಾಟರಿಗೆ ಹೋಗಿಬಿಡುತ್ತದೆ. ಮಗ್ಗದ ಮನೆಯಲ್ಲಿ ಅದು ದಿನವಿಡೀ ಟಕ್ ಟಕ್ ಅನ್ನುತ್ತಿರಬಹುದು. ನಿಮ್ಮಂಥವರಿಗೆ ನಾನು ಹೇಳುವುದು ರೂಟರಿನ ಮಿನಿ ಯುಪಿಎಸ್, ಒಳಗೆ ಲಿಥಿಯಂ ಸೆಲ್ ಇರುವ ಅಂಗೈಯಷ್ಟು ಡಬ್ಬಿ. ಅಡಾಪ್ಟರ್‌ಗೂ ರೂಟರ್‌ಗೂ ನಡುವೆ ಕೂರುತ್ತದೆ. ಮಗ್ಗ ಎಷ್ಟು ಹೊಡೆದರೂ ರೂಟರ್‌ಗೆ ಗೊತ್ತೇ ಆಗುವುದಿಲ್ಲ. ಅದರ ಮೇಲೂ ವೋಲ್ಟ್, ಆಂಪಿಯರ್ ನೋಡಿಯೇ ಕೊಳ್ಳಿ. ಮತ್ತೆ, ಸೋತ ಅಡಾಪ್ಟರನ್ನೇ ಅದಕ್ಕೆ ಹಚ್ಚಬೇಡಿ. ಬ್ಯಾಟರಿ ತುಂಬಿಸುವ ಹೊರೆಯೂ ಅದರ ತಲೆಗೇ ಬೀಳುತ್ತದೆ.

ಬಿಸಿ. ಸಾಮಾನ್ಯ ಮನೆ ರೂಟರ್‌ಗಳನ್ನು ಸುತ್ತಲಿನ ಗಾಳಿ 40 ಡಿಗ್ರಿ ದಾಟಬಾರದು ಅಂತ ಲೆಕ್ಕ ಹಾಕಿ ಮಾಡಿರುತ್ತಾರೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ನೆರಳಲ್ಲೇ 40 ಆಗುತ್ತದೆ, ತಗಡಿನ ಕೆಳಗೆ ಕೇಳಲೇಬೇಡಿ. ಆದರೆ ನಿಮ್ಮದು ಸಂಕ್ರಾಂತಿ ಚಳಿಯಲ್ಲಿ ಶುರುವಾದದ್ದು, ರಾತ್ರಿಯೂ ಆಗುತ್ತದೆ. ಹಾಗಾಗಿ ಬಿಸಿಯೊಂದೇ ಕಾರಣ ಅಲ್ಲ. ಬೇಸಿಗೆಗೆ ಮುಂಚೆ ಒಂದು ಕೆಲಸ ಮಾತ್ರ ಮಾಡಿ. ರೂಟರ್ ಆಫ್ ಮಾಡಿ, ತಿರುಗಿಸಿ, ಹೊಟ್ಟೆಯ ಸೀಳುಗಳನ್ನು ನೋಡಿ. ಮಗ್ಗದ ಮನೆಗಳಿಂದ ಬರುವ ರೂಟರ್‌ಗಳಲ್ಲಿ ಆ ಸೀಳಿಗೆ ಹತ್ತಿಯ ನವಿರು ಬೂದು ಬಣ್ಣದ ಕಂಬಳಿ ಹೊದ್ದಂತೆ ಮೆತ್ತಿಕೊಂಡಿರುತ್ತದೆ. ಉಗುರಿನಿಂದ ಎತ್ತಿದರೆ ಒಂದೇ ಹಾಳೆಯಂತೆ ಎದ್ದು ಬರುತ್ತದೆ. ಒಣ ಪೇಂಟ್ ಬ್ರಷ್‌ನಿಂದ ತೆಗೆಯಿರಿ. ಒದ್ದೆ ಬಟ್ಟೆ ಬೇಡ. ಒಬ್ಬರು ತಂಪಿರಲಿ ಅಂತ ರೂಟರ್ ಮೇಲೆ ಒದ್ದೆ ಪಂಚೆ ಹಾಸಿದ್ದರು. ಅದಕ್ಕೆ ರಿಪೇರಿ ಬೇಕಾಗಲಿಲ್ಲ, ಮಣ್ಣು ಮಾಡಿದೆವು. ಧೂಳು ಬೀಳದಿರಲಿ ಅಂತ ಹಾಕುವ ಚಂದದ ಹೆಣಿಕೆಯ ಹೊದಿಕೆಯನ್ನೂ ತೆಗೆದುಬಿಡಿ, ಯಾರ ಕೈಕೆಲಸ ಆದರೂ ಸರಿ.

ಸಾಫ್ಟ್‌ವೇರ್ ಮಾತನ್ನು ಕೊನೆಗಿಟ್ಟದ್ದು ಬೇಕಂತಲೇ. ನೀವು ಅದನ್ನೇ ಮೊದಲು ಮಾಡಿದ್ದೀರಿ, ಮತ್ತು ಬೇಜಾರಾಗಬೇಡಿ, ಅದು ಅಪಾಯದ ಕೆಲಸ ಆಗಿತ್ತು. ಅಪ್‌ಡೇಟ್ ನಡುವೆ ರೂಟರ್ ಆರಿಬಿಟ್ಟಿದ್ದರೆ ಅರ್ಧ ಬರೆದ ಸಾಫ್ಟ್‌ವೇರಿನ ಜೊತೆ ಅದು ಮತ್ತೆ ಏಳದೇ ಹೋಗಬಹುದಿತ್ತು. ದಿನಕ್ಕೆ ಏಳು ಸಲ ಬೀಳುವ ಡಬ್ಬಿಗೆ, ಬೀಳುವುದು ನಿಲ್ಲುವವರೆಗೆ ಅಪ್‌ಡೇಟ್ ಮಾಡಲೇಬಾರದು. ಈ ಸಲ ಬಚಾವಾಗಿದ್ದೀರಿ.

ಸಾಫ್ಟ್‌ವೇರಿನಿಂದ ರೀಸ್ಟಾರ್ಟ್ ಆಗುವುದಿಲ್ಲ ಅಂತಲ್ಲ. ಆಗುತ್ತದೆ, ಆದರೆ ಅದರ ಚಾಳಿ ಬೇರೆ. ಹಲವು ದಿನ ಓಡಿ ಮೆಮೊರಿ ತುಂಬಿ ಒಮ್ಮೆ ಬೀಳುತ್ತದೆ, ಬೀಳುವ ಮುಂಚೆ ಇಂಟರ್ನೆಟ್ ಆಮೆಯಂತೆ ಆಗಿರುತ್ತದೆ. ದಿನವೂ ಗಡಿಯಾರ ಹಿಡಿದಂತೆ ಒಂದೇ ಹೊತ್ತಿಗೆ, ಉದಾಹರಣೆಗೆ ನಸುಕಿನ 3 ಗಂಟೆಗೆ ಆದರೆ ಸೆಟ್ಟಿಂಗ್‌ನಲ್ಲಿ ‘ರೀಬೂಟ್ ಶೆಡ್ಯೂಲ್’ ಆನ್ ಇದೆಯಾ ನೋಡಿ. ನಿಮ್ಮ ರೂಟರ್ ಒಳಗೆ ಹೋಗಲು ಹೆಸರೂ ಪಾಸ್‌ವರ್ಡೂ ಇನ್ನೂ ‘ಅಡ್ಮಿನ್’ ಅಂತಲೇ ಇದ್ದರೆ ಬದಲಿಸಿ. ಎರಡು ಸಲ ರೀಸೆಟ್ ಮಾಡಿದ್ದೀರಿ, ಹಳೇದಕ್ಕೇ ಹೋಗಿರುವ ಸಾಧ್ಯತೆ ಇದೆ. 2017ರ ಜುಲೈನಲ್ಲಿ ನಮ್ಮ ರಾಜ್ಯದಲ್ಲೂ ಬಿಎಸ್‌ಎನ್‌ಎಲ್ ಗ್ರಾಹಕರ ಎಷ್ಟೋ ಮೋಡೆಮ್‌ಗಳು ಮಾಲ್‌ವೇರ್, ಅಂದರೆ ಕೆಡುಕಿನ ಸಾಫ್ಟ್‌ವೇರ್, ಹಾವಳಿಗೆ ಸಿಕ್ಕಿ ಕೆಲಸ ನಿಲ್ಲಿಸಿದ್ದವು. ಸಿಕ್ಕಿಬಿದ್ದದ್ದು ಪಾಸ್‌ವರ್ಡ್ ಬದಲಿಸದವು. 2018ರ ಮೇ ತಿಂಗಳಲ್ಲಿ ‘ವಿಪಿಎನ್‌ಫಿಲ್ಟರ್’ ಅನ್ನುವ ಇನ್ನೊಂದು ಬಂದಾಗ ಅಮೆರಿಕದ ಎಫ್‌ಬಿಐ, ಮನೆ ರೂಟರ್‌ಗಳನ್ನು ದಯವಿಟ್ಟು ಒಮ್ಮೆ ರೀಸ್ಟಾರ್ಟ್ ಮಾಡಿ ಅಂತ ಜನರನ್ನು ಕೇಳಿಕೊಂಡಿತ್ತು. ನಿಮ್ಮದು ಯಾರೂ ಕೇಳದೆಯೇ ಮಾಡುತ್ತಿದೆ.

ರೂಟರ್ ಹಿಂದೆ ಪೆನ್‌ಡ್ರೈವ್ ಹಚ್ಚಿದ್ದರೆ ತೆಗೆಯಿರಿ, ಅದೂ ಅದೇ ಅಡಾಪ್ಟರಿನ ಕರೆಂಟ್ ತಿನ್ನುತ್ತದೆ. ಶೆಡ್ಡಿನ ಸಿಸಿಟಿವಿಗೆ ರೂಟರಿನಿಂದ ಲ್ಯಾನ್ ವೈರ್ ಎಳೆದಿದ್ದರೆ ಒಂದು ದಿನ ಅದನ್ನೂ ಬಿಚ್ಚಿಡಿ. ಇಲಿ ಕಡಿದು ಒಳಗೆ ಶಾರ್ಟ್ ಆದ ವೈರಿನಿಂದ ರೂಟರ್ ಬಿದ್ದದ್ದನ್ನು ನೋಡಿದ್ದೇನೆ. ಗುಡುಗು ಸಿಡಿಲಿನ ಮಳೆ ಶುರುವಾಗುವ ಮುಂಚೆಯೂ ಆ ವೈರ್ ಬಿಚ್ಚುವುದು ಒಳ್ಳೆಯದು. ಗಾಜಿನ ಫೈಬರ್ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ತಾಮ್ರದ ವೈರಿನಲ್ಲಿ ಹರಿಯುತ್ತದೆ.

ಈಗ ಈ ವಾರ ಏನು ಮಾಡಬೇಕು ಅಂದರೆ, ಒಂದು ಹಾಳೆ ತಗೊಂಡು ರೂಟರ್ ಪಕ್ಕ ಅಂಟಿಸಿ, ಅಲ್ಲೇ ಪೆನ್ನು ಕಟ್ಟಿ. ಆರಿದಾಗೆಲ್ಲ ಗಂಟೆ ಬರೆಯಿರಿ, ಪಕ್ಕದಲ್ಲಿ ಸಣ್ಣ ಡಬ್ಬಿಯೂ ಆರಿತಾ ಇಲ್ಲವಾ ಬರೆಯಿರಿ, ಮಗ್ಗ ಓಡುತ್ತಿತ್ತಾ ನಿಂತಿತ್ತಾ ಬರೆಯಿರಿ. ಮೊದಲ ಎರಡು ದಿನ ಏನೂ ಬದಲಿಸಬೇಡಿ. ಮೂರನೇ ದಿನ ಅಡಾಪ್ಟರ್ ಒಂದನ್ನೇ ಬದಲಿಸಿ, ಜಾಗ ಬದಲಿಸಬೇಡಿ. ಐದನೇ ದಿನ ಜಾಗ ಬದಲಿಸಿ. ಎಲ್ಲಾ ಒಟ್ಟಿಗೆ ಮಾಡಿದರೆ ವಾಸಿಯೇನೋ ಆಗುತ್ತದೆ, ಯಾವುದರಿಂದ ಅಂತ ಗೊತ್ತಾಗುವುದಿಲ್ಲ, ಮುಂದಿನ ಸಲ ಮತ್ತೆ ಮೊದಲಿಂದ. ಮೊದಲು ಹೇಳಿದ ಎರಡು ಮಾತು ಮಾತ್ರ ಬೇರೆ. ಪಿನ್ ಅಲುಗಿಸಿದಾಗ ದೀಪ ಆರಿತು, ಅಥವಾ ಅಡಾಪ್ಟರ್ ಕೈ ಸುಡುತ್ತಿದೆ ಅಂದರೆ ಕಾಯುವ ಅಗತ್ಯ ಇಲ್ಲ.

ಇಷ್ಟಾದ ಮೇಲೂ, ಹೊಸ ಅಡಾಪ್ಟರ್, ಬೇರೆ ಜಾಗ, ಎಲ್ಲ ವೈರ್ ಬಿಚ್ಚಿದ ಸ್ಥಿತಿಯಲ್ಲೂ ರೂಟರ್ ಬೀಳುತ್ತಿದ್ದರೆ ಅದರ ಒಳಗಿನ ಕೆಪಾಸಿಟರ್‌ಗಳೇ ಹೋಗಿರಬಹುದು. ಬಿಚ್ಚಿ ನೋಡಿದರೆ ಕೆಲವು ಸಲ ತಲೆ ಉಬ್ಬಿದ್ದು ಬರಿಗಣ್ಣಿಗೇ ಕಾಣುತ್ತದೆ. ಬದಲಿಸಬಹುದು, ಆದರೆ ಮೂರು ವರ್ಷದ ಡಬ್ಬಿಗೆ ಆ ಖರ್ಚು ಮಾಡಿ ಅಂತ ನಾನು ಹೇಳುವುದಿಲ್ಲ. ಆಗ ಅಪ್ಪನ ಮಾತು ಕೇಳಿ ಹೊಸದು ತಗೊಳ್ಳಿ. ಅದರ ಜೊತೆ ಬಂದ ಅಡಾಪ್ಟರನ್ನೇ ಹಾಕಿ, ಅದರ ಮೇಲೆ ಮಾರ್ಕರ್‌ನಲ್ಲಿ ದಪ್ಪಗೆ ‘ರೂಟರ್’ ಅಂತ ಬರೆಯಿರಿ. ಸೆಟ್‌ಟಾಪ್ ಬಾಕ್ಸ್‌ನದರ ಮೇಲೂ ಅದರ ಹೆಸರು ಬರೆಯಿರಿ.

ಸದ್ಯಕ್ಕೆ ನನಗೆ ಬೇಕಾದ್ದು ನಾಲ್ಕು ಅಂಕಿ ಮಾತ್ರ. ರೂಟರ್ ಸ್ಟಿಕ್ಕರ್ ಮೇಲಿನ ವೋಲ್ಟ್, ಆಂಪಿಯರ್. ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್. ಬರೆದು ಕಳಿಸಿ.